ಗಜನಿಯ ಒಡ್ಡಿನ ಮೇಲೆ ನಡೆದ ವಿಚಾರಣೆ

ಫುಟ್‌ಬಾಲ್ ಆಡುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಅಂಕೋಲೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ದಿನಾ ಕಾರವಾರದಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಮಧ್ಯಾಹ್ನದ ಪ್ರಾಯೋಗಿಕ ತರಗತಿಯಲ್ಲಿ ಯಾವ ಮೇಜು ಖಾಲಿ ಇದೆ ಎಂದು ನೋಡಿದರೆ ಸಾಕು, ಯಾರು ಮೈದಾನದಲ್ಲಿದ್ದಾರೆ ಎಂದು ಕಣ್ಣುಮುಚ್ಚಿ ಹೇಳಬಹುದಿತ್ತು. ಅಂಥ ನನ್ನ ತಲೆಗೇ ಶಿಸ್ತು ಸಮಿತಿಯ ಸಂಚಾಲಕಿಯ ಹೊಣೆಯನ್ನು ಕಟ್ಟಿದ್ದರು. ಎರಡು ವರ್ಷ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಮೊಬೈಲ್ ಕಿತ್ತುಕೊಳ್ಳುವುದು, ಪಾಲಕರನ್ನು ಕರೆಸುವುದು, ಕ್ಷಮಾಪತ್ರ ಬರೆಸಿಕೊಳ್ಳುವುದು, ಇಷ್ಟೇ ಕೆಲಸ.

ಆ ಸೋಮವಾರ ಬೆಳಿಗ್ಗೆ ಗೇಟಿನೊಳಗೆ ಕಾಲಿಡುವಷ್ಟರಲ್ಲಿ ಪ್ರಿನ್ಸಿಪಾಲರ ಕೋಣೆಯಿಂದ ಗಲಾಟೆ ಕೇಳಿತು. ಕಡಲ ಬದಿಯ ಬೆಳಂಬಾರ ಹಳ್ಳಿಯಿಂದ ಹತ್ತು ಹನ್ನೆರಡು ಜನ ಬಂದಿದ್ದರು. ಎಲ್ಲರಿಗಿಂತ ಮುಂದೆ ಅರವತ್ತು ದಾಟಿದ ಒಬ್ಬ ಹೆಂಗಸು. ಆಕೆ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ಸೀದಾ ಪ್ರಿನ್ಸಿಪಾಲರ ಮೇಜಿನ ಮೇಲೆ, ಕಡತಗಳ ನಡುವೆಯೇ ಇಟ್ಟಿದ್ದಳು. ಬುಟ್ಟಿಯಲ್ಲಿ ಬೇರುಸಮೇತ ಕಿತ್ತ ಹರಿವೆ, ಬದನೆ ಸಸಿ, ಮೆಣಸಿನ ಗಿಡ. ಎಲೆಗಳೆಲ್ಲ ಬಿಸಿನೀರು ಸುರಿದ ಹಾಗೆ ಬಾಡಿ ಕಪ್ಪಾಗಿದ್ದವು.

"ನಿಮ್ ಕಾಲೇಜಿನ ಪೋರಗಳು ನನ್ ತೋಟಕ್ಕೆ ಸಮುದ್ರ ತಂದ್ ಬಿಟ್ಟಾರೆ," ಅಂದಳು. "ನೋಡಿ, ತಿಂದ್ ನೋಡಿ ಬೇಕಾರೆ. ಬರೇ ಉಪ್ಪು."

ನಡೆದದ್ದು ಇಷ್ಟು. ಸ್ನೇಹ ಸಮ್ಮೇಳನದ ಪೆಂಡಾಲು ಹಾಕಿದ್ದರಿಂದ ಕಾಲೇಜಿನ ಮೈದಾನ ಸಿಕ್ಕಿರಲಿಲ್ಲ. ಕಾರವಾರದಲ್ಲಿ ನಡೆಯಲಿದ್ದ ಅಂತರ್ ಕಾಲೇಜು ಪಂದ್ಯಾವಳಿಗೆ ಎರಡೂವರೆ ವಾರ ಬಾಕಿ. ತಂಡದ ನಾಯಕ ಬೆಳಂಬಾರದ ಹುಡುಗ. ಅವನು ಭಾನುವಾರ ಮೂವರು ಜೊತೆಗಾರರನ್ನು ಕರೆದುಕೊಂಡು ತಮ್ಮೂರಿನ ಗಜನಿಗೆ ಹೋಗಿದ್ದ. ಗಜನಿ ಎಂದರೆ ಸಮುದ್ರ ಉಕ್ಕುವ ಭರತಿಯ ಹೊತ್ತಿಗೆ ಉಪ್ಪುನೀರು ಹೊಳೆಯೊಳಗೆ ಏರಿ ಬರುವ ಕಡೆಯ ತಗ್ಗಿನ ಗದ್ದೆ. ನೀರು ತಡೆಯಲು ಮಣ್ಣಿನ ಒಡ್ಡು, ಒಡ್ಡಿನ ನಡುವೆ ಹಲಗೆಯ ಬಾಗಿಲು. ಈ ಬಾಗಿಲಿಗೆ ಊರಿನಲ್ಲಿ ಜಂತ್ರಡಿ ಎನ್ನುತ್ತಾರೆ. ಸಮುದ್ರ ಇಳಿದಾಗ ಹಲಗೆ ತೆಗೆದರೆ ಗದ್ದೆಯ ನೀರು ಹೊಳೆಗೆ ಹೋಗುತ್ತದೆ. ಭರತಿಗೆ ಮುಂಚೆ ಹಲಗೆ ಹಾಕಿ ಜೇಡಿಮಣ್ಣು ಮೆತ್ತದಿದ್ದರೆ ಹೊಳೆ ಗದ್ದೆಗೆ ಬರುತ್ತದೆ. ಕೊಯ್ಲಾದ ಗದ್ದೆಯಲ್ಲಿ ನೀರು ನಿಂತಿತ್ತು, ಹುಡುಗರಿಗೆ ಒಣನೆಲ ಬೇಕಿತ್ತು. ಊರವರು ನೇಮಿಸಿದ ಕಾವಲುಗಾರನ ಹೊರತು ಯಾರೂ ಮುಟ್ಟಬಾರದ ಜಂತ್ರಡಿಯ ಹಲಗೆಗಳನ್ನು ಇವರು ಕಿತ್ತರು. ನೀರು ಇಳಿಯಿತು, ಆಡಿದರು, ಸಂಜೆಯಾಗುತ್ತಲೇ ಹೋದರು. ಹುಣ್ಣಿಮೆಯ ಭರತಿ ಊರು ಮಲಗಿದ ಮೇಲೆ ಬಂದು ಗದ್ದೆಯಂಚಿನಲ್ಲಿದ್ದ ಆ ಹೆಂಗಸಿನ ತರಕಾರಿ ಮಡಿಗಳನ್ನೂ ಅವಳು ನೀರು ಹೊತ್ತು ಹಾಕುವ ಹೊಂಡವನ್ನೂ ಮುಳುಗಿಸಿತು. ಆ ಮಡಿಗಳ ಸೊಪ್ಪನ್ನು ಅಂಕೋಲೆ ಪೇಟೆಗೂ ಭಾನುವಾರ ಕಾರವಾರದ ಸಂತೆಗೂ ಹೊತ್ತು ಅವಳು ಬದುಕು ನಡೆಸುತ್ತಿದ್ದಳು.

ನಮ್ಮ ಪ್ರಿನ್ಸಿಪಾಲರು ಕೆಟ್ಟವರಲ್ಲ, ಆದರೆ ಜನ ಸೇರಿದ್ದು ಕಂಡರೆ ಅವರ ಕೈಕಾಲು ಆಡುವುದಿಲ್ಲ. ಎಲ್ಲರ ಎದುರೇ ಘೋಷಿಸಿಬಿಟ್ಟರು. ನಾಲ್ವರಿಗೂ ಕಾಲೇಜಿನಿಂದ ಅಮಾನತು, ತಂಡ ಪಂದ್ಯಾವಳಿಯಿಂದ ವಾಪಸ್, ನಡತೆ ಪ್ರಮಾಣಪತ್ರದಲ್ಲಿ 'ತೃಪ್ತಿಕರವಲ್ಲ' ಎಂಬ ಷರಾ. ಶಿಸ್ತು ಸಮಿತಿ ನಾಲ್ಕು ದಿನದಲ್ಲಿ ವರದಿ ಕೊಡುತ್ತದೆ ಎಂದು ನನ್ನ ಕಡೆ ಕೈ ತೋರಿಸಿದರು. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ. ನನಗೆ ರೇಗಿತು, ಆದರೆ ಆ ಹೆಂಗಸಿನ ಬುಟ್ಟಿಯನ್ನು ನೋಡಿದ ಮೇಲೆ ಹುಡುಗರ ಪರ ಒಂದು ಮಾತೂ ಬಾಯಿಗೆ ಬರಲಿಲ್ಲ.

ಆ ಷರಾ ಎಂದರೆ ಏನು ಎಂಬುದನ್ನು ಹೇಳಬೇಕು. ನಾಲ್ವರೂ ಪದವಿಯ ಕೊನೆಯ ವರ್ಷದಲ್ಲಿದ್ದರು. ನಾಲ್ವರಲ್ಲಿ ಗೋಲ್‌ಕೀಪರ್ ಘಟ್ಟದ ಬುಡದ ಸುಂಕಸಾಳದ ಕಡೆಯ ಹುಡುಗ. ಮಾತು ಕಡಿಮೆ, ಮೈಕಟ್ಟು ಜೋರು. ಅರಣ್ಯ ರಕ್ಷಕನ ಹುದ್ದೆಗೆ ಅರ್ಜಿ ಹಾಕಿ ದೇಹದಾರ್ಢ್ಯ ಪರೀಕ್ಷೆ ಮುಗಿಸಿದ್ದ. ದಾಖಲೆ ಪರಿಶೀಲನೆಗೆ ನಡತೆ ಪ್ರಮಾಣಪತ್ರ ಬೇಕೇ ಬೇಕು. ಅದರಲ್ಲಿ ಆ ಒಂದು ಪದ ಬಿದ್ದರೆ ಕಾಡಿನ ಬಾಗಿಲು ಅವನ ಪಾಲಿಗೆ ಮುಚ್ಚಿದ ಹಾಗೆಯೇ. ಕ್ರೀಡಾ ನಿರ್ದೇಶಕರು ಇದನ್ನು ಸ್ಟಾಫ್ ರೂಮಿನಲ್ಲಿ ನನಗೆ ಹೇಳಿದರು.

"ಮೇಡಮ್, ಒಂದ್ ಸಲ ಹೊಟ್ಟೆಗೆ ಹಾಕ್ಕೊಳ್ಳಿ. ಹುಡ್ಗಾಟಕ್ಕೆ ಮಾಡದ್ದು."

"ಆ ಹೆಂಗಸಿನ ಹೊಟ್ಟೆಗೆ ನೀವು ಏನು ಹಾಕುತ್ತೀರಿ ಸರ್?" ಎಂದೆ.

ಮಂಗಳವಾರ ನಾಲ್ವರಿಗೂ ನೋಟಿಸು ಕೊಟ್ಟು, ಲಿಖಿತ ಹೇಳಿಕೆ ಕೇಳಿದೆ. ಮಧ್ಯಾಹ್ನದೊಳಗೆ ನಾಲ್ಕೂ ಬಂದವು. ಒಂದೇ ಪುಸ್ತಕದಿಂದ ಹರಿದ ಹಾಳೆ, ಒಂದೇ ಹಸಿರು ಪೆನ್ನು, ಒಂದೇ ಅನುಕ್ರಮದ ಆರು ವಾಕ್ಯ. ಕೊನೆಯ ವಾಕ್ಯ: 'ಆಟ ಮುಗಿದ ಮೇಲೆ ನಾವು ನಾಲ್ವರೂ ಸೇರಿ ಹಲಗೆಗಳನ್ನು ಮೊದಲಿನಂತೆ ಹಾಕಿದ್ದೇವೆ.' ಲ್ಯಾಬಿನ ದಾಖಲೆ ಪುಸ್ತಕವನ್ನು ಒಬ್ಬರದ್ದೊಬ್ಬರು ನಕಲು ಮಾಡುವವರು ತಪ್ಪೊಪ್ಪಿಗೆಯನ್ನೂ ನಕಲು ಮಾಡಿದ್ದಾರಲ್ಲ ಎಂದು ನನ್ನ ಪಿತ್ತ ನೆತ್ತಿಗೇರಿತು. ಒಬ್ಬೊಬ್ಬರನ್ನೇ ಕರೆದು ಕೇಳಿದೆ. ನಾಯಕ ನೆಲ ನೋಡುತ್ತ ಅದೇ ಆರು ವಾಕ್ಯ ಒಪ್ಪಿಸಿದ. ಉಳಿದಿಬ್ಬರೂ ಅಷ್ಟೇ. ಗೋಲ್‌ಕೀಪರ್ ಮಾತ್ರ ನನ್ನ ಮುಖ ನೋಡಿ, "ಹಲಗೆ ಹಾಕೇವೆ ಮೇಡಮ್, ಆಣೆ ಮಾಡ್ತೆ," ಎಂದ. ಭರತಿಗೆ ಬಾಗಿಲು ತೆರೆದಿತ್ತು ಎಂದು ಹನ್ನೆರಡು ಜನ ಹೇಳುವಾಗ ಈ ಆಣೆ ಯಾರಿಗೆ ಬೇಕು? ಸಂಜೆ ಬಸ್ಸು ಹತ್ತುವ ಮೊದಲು ವರದಿಯ ಕರಡು ಬರೆದು ಮುಗಿಸಿದೆ. ನಿರ್ಲಕ್ಷ್ಯ ಸಾಬೀತು, ಸುಳ್ಳು ಹೇಳಿಕೆ ಸಾಬೀತು, ಪ್ರಿನ್ಸಿಪಾಲರ ಕ್ರಮ ಸರಿ. ಸಹಿ ಒಂದೇ ಬಾಕಿ ಇತ್ತು.

ಸಹಿ ಹಾಕದೇ ಉಳಿದದ್ದು ಒಳ್ಳೆಯತನದಿಂದಲ್ಲ, ಹಟದಿಂದ. ವರದಿಯ ನಮೂನೆಯಲ್ಲಿ 'ಸ್ಥಳ ಪರಿಶೀಲನೆ' ಎಂಬ ಒಂದು ಕಾಲಂ ಇತ್ತು. ನೋಡದೆ ನೋಡಿದೆ ಎಂದು ಬರೆಯುವುದು ನನ್ನಿಂದ ಆಗುವುದಿಲ್ಲ. ಬುಧವಾರ ಎರಡು ಪಿರಿಯಡ್ ಬಿಟ್ಟು ರಿಕ್ಷಾ ಹಿಡಿದು ಬೆಳಂಬಾರಕ್ಕೆ ಹೋದೆ. ಚೀಲದಲ್ಲಿ ನೀರಿನ ಮಾದರಿ ತುಂಬಲು ಆರು ಬಾಟಲಿಗಳಿದ್ದವು.

ಗಜನಿಯ ಕಾವಲುಗಾರ ಬೀಡಿ ಆರಿಸಿ ಎದ್ದು ನಿಂತ. ಭಾನುವಾರ ಅವನು ಭಾವಿಕೇರಿಯಲ್ಲಿ ನೆಂಟರ ಮನೆಗೆ ಹೋಗಿದ್ದನಂತೆ, ಆ ಸಂಕಟ ಮುಖದಲ್ಲೇ ಕಾಣುತ್ತಿತ್ತು. ಜಂತ್ರಡಿ ತೋರಿಸಿದ. ಎರಡು ಕಲ್ಲಿನ ಕಂಬ, ನಡುವೆ ಮೇಲೊಂದು ಕೆಳಗೊಂದು ಅಡ್ಡ ದಿಮ್ಮಿ, ಆ ದಿಮ್ಮಿಗಳಿಗೆ ಒರಗಿಸಿ ನಿಲ್ಲಿಸುವ ಐದು ಹಲಗೆ. ಕಂಬದಲ್ಲಿ ಮೊದಲು ಹಲಗೆಯ ಅಂಚು ಕೂರುವ ಕೊರಕಲು ಇತ್ತಂತೆ. ಅದು ಸವೆದು ಹೋದ ಮೇಲೆ ಈ ಒರಗಿಸುವ ಏರ್ಪಾಡು. ನಾನು ಸುಮ್ಮನೆ ಕೇಳಬೇಕೆಂದು ಕೇಳಿದೆ, ಸೋಮವಾರ ಬೆಳಿಗ್ಗೆ ಹಲಗೆಗಳು ಎಲ್ಲಿ ಬಿದ್ದಿದ್ದವು ಎಂದು.

"ಅಲ್ಲಿ, ಗದ್ದೆ ಒಳ್ಗೆ," ಎಂದು ದೂರ ಕೈ ತೋರಿಸಿದ. "ತೇಲ್ಕಂಡು ತೇಲ್ಕಂಡು ಆ ಮೂಲೆಗೆ ಹೋಗಿದ್ವು. ಒಂದ್ ಹಲ್ಗೆ ಈಗ್ಲೂ ಸಿಕ್ಕಲಾ."

ನನ್ನ ಕಿವಿ ನೆಟ್ಟಗಾಯಿತು. ಹುಡುಗರು ಹಲಗೆ ಹಾಕದೇ ಹೋಗಿದ್ದರೆ ಅವು ಒಡ್ಡಿನ ಮೇಲೆ, ಕಿತ್ತಿಟ್ಟ ಜಾಗದಲ್ಲೇ ಇರಬೇಕಿತ್ತು. ಒಡ್ಡು ಎದೆಯೆತ್ತರ ಇದೆ, ಅದರ ಮೇಲೆ ಭರತಿ ಏರಿರಲಿಲ್ಲ. ಹಲಗೆ ಗದ್ದೆಯೊಳಗೆ ತೇಲಬೇಕಾದರೆ ಅವು ಬಾಗಿಲಲ್ಲೇ ಇದ್ದು ನೀರಿನ ಒತ್ತಡಕ್ಕೆ ಒಳಗೆ ಬಿದ್ದಿರಬೇಕು. ಹಾಗಾದರೆ ಆ ಗೋಲ್‌ಕೀಪರ್ ಹೇಳಿದ್ದು ನಿಜ. ಹನ್ನೆರಡು ಜನ ಹೇಳಿದ್ದೂ ನಿಜ. ಎರಡೂ ನಿಜವಾಗುವುದು ಹೇಗೆ ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ಪ್ರಯೋಗ ಮಾಡದೆ ಫಲಿತಾಂಶ ಬರೆದ ವಿದ್ಯಾರ್ಥಿಗೆ ನಾನು ಸೊನ್ನೆ ಹಾಕುತ್ತೇನೆ. ನಾನು ಮಾಡಿದ್ದೂ ಅದನ್ನೇ ಎಂದು ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಗುರುವಾರ ಬೆಳಿಗ್ಗೆ ಏಳಕ್ಕೆ ಇಳಿತ. ಮೊದಲ ಬಸ್ಸಿಗೆ ಬಂದು ನಾಲ್ವರನ್ನೂ, ಕ್ರೀಡಾ ನಿರ್ದೇಶಕರನ್ನೂ ಒಡ್ಡಿನ ಬಳಿ ಸೇರಿಸಿದೆ. ಕಾವಲುಗಾರ ಬೇರೆ ಹಲಗೆಗಳನ್ನು ತಯಾರಿಟ್ಟುಕೊಂಡು ನಿಂತಿದ್ದ. ತೋಟದೊಡತಿಯೂ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಾನು ಹುಡುಗರಿಗೆ ಹೇಳಿದೆ, "ಭಾನುವಾರ ಯಾರು ಹಲಗೆ ಹಾಕಿದ್ದೋ ಅವರು ಮುಂದೆ ಬಂದು ಹಾಗೇ ಹಾಕಿ. ನಾಲ್ವರೂ ಅಂದರೆ ನಾಲ್ವರೂ ಹಾಕಿ."

ಯಾರೂ ಅಲುಗಾಡಲಿಲ್ಲ. ಆಮೇಲೆ ಗೋಲ್‌ಕೀಪರ್ ಪ್ಯಾಂಟು ಮಡಚಿ ಕೆಸರಿಗಿಳಿದ. ನಾಯಕ "ಏ, ಬೇಡಾ" ಎಂದು ಪಿಸುಗುಟ್ಟಿದ್ದು ನನಗೂ ಕೇಳಿತು. ಅವನು ಕೇಳದೆ ಐದು ಹಲಗೆಗಳನ್ನು ಒಂದೊಂದಾಗಿ ಇಳಿಸಿ ದಿಮ್ಮಿಗೆ ಒರಗಿಸಿದ. ಸಂದಿಗೆ ಜೇಡಿಮಣ್ಣು ಮೆತ್ತಿ, ಮುಷ್ಟಿಯಿಂದ ಗುದ್ದಿ, ಕಾಲಿಂದ ತುಳಿದ. ಗದ್ದೆಯಿಂದ ಹರಿಯುತ್ತಿದ್ದ ನೀರು ಒಂದು ತೊಟ್ಟೂ ಬಿಡದೆ ನಿಂತಿತು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಕ್ರೀಡಾ ನಿರ್ದೇಶಕರು ಚಪ್ಪಾಳೆ ತಟ್ಟುವುದೊಂದು ಬಾಕಿ.

ತೋಟದೊಡತಿ ಬಗ್ಗಿ ನೋಡಿದಳು, ಮತ್ತೊಮ್ಮೆ ನೋಡಿದಳು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ಅಯ್ಯೋ ಮಳ್ಳಾ! ಹಲ್ಗೆ ಗದ್ದೆ ಬದೀಗೆ ಹಾಕೀಯಲಾ! ನಿಮ್ಮೂರಲ್ಲಿ ಸಮುದ್ರ ಗುಡ್ಡದ ಮೇಲೆ ಅದ್ಯನಾ?"

ಆಗ ಅರ್ಥವಾಯಿತು. ಸುಂಕಸಾಳದಲ್ಲಿ ನೀರು ಬರುವುದು ಒಂದೇ ದಿಕ್ಕಿನಿಂದ, ಗುಡ್ಡದಿಂದ. ಹಳ್ಳಕ್ಕೆ ಕಟ್ಟು ಹಾಕುವಾಗ ಹಲಗೆಯನ್ನು ದಿಮ್ಮಿಯ ಮೇಲ್ಬದಿಗೆ ಇಡುತ್ತಾರೆ, ಹಳ್ಳದ ನೀರೇ ಹಲಗೆಯನ್ನು ದಿಮ್ಮಿಗೆ ಒತ್ತಿ ಹಿಡಿಯುತ್ತದೆ. ಹುಡುಗ ಹುಟ್ಟಿದಾಗಿನಿಂದ ಕಂಡದ್ದು ಅದು. ಭಾನುವಾರ ಇಳಿತದ ಹೊತ್ತಿಗೆ ನೀರು ಗದ್ದೆಯಿಂದ ಹೊಳೆಗೆ ಹರಿಯುತ್ತಿತ್ತು, ಅವನು ತನ್ನೂರಿನ ಹಾಗೇ ಹಾಕಿದ, ನೀರು ನಿಂತಿತು, ಖುಷಿಯಿಂದ ಹೋದ. ಅದೇ ನೀರು ಕೆಲವು ತಾಸಿನ ಮೇಲೆ ತಿರುಗಿ ಬರುತ್ತದೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಬೆಳಂಬಾರದ ಮಕ್ಕಳು ನಡೆಯುವುದಕ್ಕೆ ಮುಂಚೆ ಕಲಿಯುವ ಪಾಠ ಅದು.

ಆದರೂ ನಾನು ಕಾದೆ. ಒಂಬತ್ತೂವರೆಗೆ ಹೊಳೆ ಏರತೊಡಗಿತು. ಮೊದಲು ಮೆತ್ತಿದ ಮಣ್ಣು ಬಿರುಕು ಬಿಟ್ಟಿತು. ಆಮೇಲೆ ಮೂಲೆಯ ಹಲಗೆ ನಡುಗಿತು, ವಾಲಿತು, ಬುಳಕ್ ಎಂದು ಗದ್ದೆಯೊಳಗೆ ಬಿದ್ದು ತೇಲಿಕೊಂಡು ಹೊರಟಿತು. ಕಾವಲುಗಾರ ಮಿಂಚಿನಂತೆ ಇಳಿದು ಹೊಳೆಯ ಬದಿಗೆ ತನ್ನ ಹಲಗೆಗಳನ್ನು ಹಾಕಿದ. ಗೋಲ್‌ಕೀಪರ್ ತೇಲುವ ಹಲಗೆಯನ್ನೇ ನೋಡುತ್ತ ನಿಂತಿದ್ದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

"ಮೇಡಮ್, ನಾ ಸುಳ್ಳು ಬರೆದೆ," ಎಂದ ನಾಯಕ ಆಗ. "ಅವ ಒಬ್ನೇ ಹಾಕದ್ದು. ಹಾಕೂಕೆ ಹೇಳಿ ನಾವ್ ಮೂರೂ ಜನ ಚಾ ಕುಡೂಕೆ ಹೋಗಿದ್ವು. ನಮ್ಮೂರ್ ಜಂತ್ರಡಿ, ನಾ ನಿಂತ್ ನೋಡ್ಬೇಕಾಗಿತ್ತು. ಇವ್ನಿಗೆ ಫಾರೆಸ್ಟ್ ಕೆಲ್ಸ ತಪ್ಪಿ ಹೋಗ್ತದೆ ಹೇಳಿ ಎಲ್ರೂ ಒಂದೇ ಬರೆದ್ವು."

ಮಂಗಳವಾರದ ಕರಡನ್ನು ಚೀಲದಿಂದ ತೆಗೆದು ನಾನು ಅಲ್ಲೇ ಹರಿದೆ. ಇದು ತೋರಿಕೆಗೆ ಮಾಡಿದ್ದಲ್ಲ, ಅದನ್ನು ಹಿಡಿದುಕೊಂಡಿರಲು ಆಗಲಿಲ್ಲ. ಮಧ್ಯಾಹ್ನ ಪ್ರಿನ್ಸಿಪಾಲರ ಎದುರು ಕೂತು ನನ್ನ ತೀರ್ಮಾನ ಹೇಳಿದೆ. ಹಲಗೆ ಕಿತ್ತದ್ದು ಅಪರಾಧ, ತಪ್ಪು ಬದಿಗೆ ಹಾಕಿದ್ದು ತಿಳಿಯದ ತಪ್ಪು, ಕೂಡಿ ಸುಳ್ಳು ಬರೆದದ್ದು ತಿಳಿದೇ ಮಾಡಿದ ತಪ್ಪು. ಮೂರಕ್ಕೂ ಒಂದೇ ಷರಾ ಸಲ್ಲದು. ನಾಲ್ವರೂ ತಮ್ಮ ತಮ್ಮ ಮಾತಿನಲ್ಲಿ ನಿಜ ಬರೆದುಕೊಡಲಿ. ಆ ತೋಟವನ್ನು ಮೊದಲಿನ ಹಾಗೆ ಮಾಡಿಕೊಡಲಿ. ಅದು ಆಗುವ ತನಕ ಚೆಂಡು ಮುಟ್ಟುವಂತಿಲ್ಲ.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. "ಊರವರ ಎದುರು ಹೇಳಿ ಆಗಿದೆ ಮೇಡಮ್. ಹಿಂದೆ ತಗೊಂಡ್ರೆ ನನ್ನ ಮರ್ಯಾದೆ?"

"ಊರವರೇ ಬಂದು ಸಾಕು ಅಂದರೆ?"

ಒಪ್ಪಿದರು, ಷರತ್ತಿನ ಮೇಲೆ. ತಂಡದ ಹೆಸರು ಕಳಿಸಲು ಕೊನೆಯ ದಿನ ಮುಂದಿನ ವಾರ ದಾಟಿ ಬರುವ ಸೋಮವಾರ. ಅಷ್ಟರೊಳಗೆ ಆ ಹೆಂಗಸು ಇದೇ ಕೋಣೆಗೆ ಬಂದು ತೃಪ್ತಿ ಎನ್ನಬೇಕು. ಇಲ್ಲದಿದ್ದರೆ ಅಮಾನತೂ ಷರಾವೂ ಹಾಗೇ. ಹನ್ನೊಂದು ದಿನ. ಉಪ್ಪು ಕುಡಿದ ನೆಲವನ್ನು ಹನ್ನೊಂದು ದಿನದಲ್ಲಿ ಸಿಹಿ ಮಾಡಬಹುದೇ ಎಂದು ನನಗೆ ಖಾತ್ರಿಯಿರಲಿಲ್ಲ. ಮರಳು ಮಿಶ್ರಿತ ಮಣ್ಣು, ಒಂದೇ ಭರತಿಯ ನೀರು ಎಂಬುದಷ್ಟೇ ಧೈರ್ಯ.

ಶುಕ್ರವಾರದಿಂದ ಕೆಲಸ ಶುರು. ಮಡಿಗಳ ಮೇಲಿನ ಬಿಳಿ ಪೊರೆಯನ್ನು ಕೆರೆದು ಹೊರಗೆ ಹಾಕಿದರು. ಹೊಂಡದ ನೀರನ್ನು ಕೊಡದಿಂದ ಮೊಗೆದು ಒಡ್ಡಿನಾಚೆ ಚೆಲ್ಲಿದರು, ಒಸರಿ ತುಂಬಿದ ಹಾಗೆ ಮತ್ತೆ ಮೊಗೆದರು. ದಿನಾ ಮಧ್ಯಾಹ್ನ ನೀರಿನ ಮಾದರಿ ಹಿಡಿದು ಕಾಲೇಜಿಗೆ ಬರಬೇಕು, ನನ್ನ ಎದುರು ಅವರೇ ಪರೀಕ್ಷೆ ಮಾಡಬೇಕು ಎಂದು ಕಟ್ಟಪ್ಪಣೆ ಮಾಡಿದ್ದೆ. ನೀರಿಗೆ ಎರಡು ಹನಿ ಕ್ರೋಮೇಟ್ ಹಾಕಿದರೆ ಹಳದಿಯಾಗುತ್ತದೆ. ಬ್ಯೂರೆಟ್ಟಿನಿಂದ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಟ್ಟು, ಅದು ಇಟ್ಟಿಗೆಯ ಕೆಂಪಿಗೆ ತಿರುಗಿದಲ್ಲಿ ನಿಲ್ಲಿಸಬೇಕು. ಉಪ್ಪು ಹೆಚ್ಚಿದ್ದಷ್ಟೂ ಹೆಚ್ಚು ಹನಿ. ಮೊದಲ ದಿನ ನಲವತ್ತೊಂದು ಮಿಲಿ ಕುಡಿಯಿತು. ತೋಟದೊಡತಿಯ ಮನೆಯ ಬಾವಿಯ ನೀರಿಗೆ ಮೂರು ಮಿಲಿ ಸಾಕಾಗಿತ್ತು. ಮೂರು ವರ್ಷ ಬ್ಯೂರೆಟ್ಟು ಮುಟ್ಟದೆ ತಪ್ಪಿಸಿಕೊಂಡಿದ್ದ ನಾಯಕ ಈಗ ಉಸಿರು ಬಿಗಿಹಿಡಿದು ಹನಿ ಎಣಿಸುತ್ತಿದ್ದ. ನಾಲ್ವರ ಬೆರಳೂ ಸಿಲ್ವರ್ ನೈಟ್ರೇಟಿನಿಂದ ಕಪ್ಪಾದವು.

ರಜೆಯಲ್ಲೂ ಲ್ಯಾಬ್ ತೆರೆಸಿದ್ದ ಭಾನುವಾರ ಹದಿನೇಳು ಬಂತು. ಎಲ್ಲರೂ ಹಿಗ್ಗಿದೆವು. ಸೋಮವಾರ ಇಪ್ಪತ್ತಾರು! ತಪ್ಪಾಗಿರಬೇಕೆಂದು ನಾನೇ ಮತ್ತೆ ಮಾಡಿದೆ, ಇಪ್ಪತ್ತಾರೇ. ಹೊಂಡ ಬರಿದಾದಷ್ಟೂ ಪಕ್ಕದ ಗಜನಿಯ ಉಪ್ಪುನೀರು ನೆಲದೊಳಗಿಂದ ಒಸರಿ ಬರುತ್ತಿತ್ತು. ಹುಡುಗರು ಮೊಗೆದಷ್ಟೂ ಉಪ್ಪನ್ನೇ ಕರೆದು ತರುತ್ತಿದ್ದರು. ಇದನ್ನು ನಾನು ಮೊದಲೇ ಊಹಿಸಬೇಕಿತ್ತು. ಆ ಮಧ್ಯಾಹ್ನ ತೋಟದ ಬದುವಿನ ಮೇಲೆ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತೆವು. ನನಗಂತೂ ಅಳು ಬರುವುದೊಂದು ಬಾಕಿ.

"ಉಪ್ಪನೀರ್ ತೆಗ್ದು ಮುಗ್ಯೂದಿಲ್ಲಾ ಅಕ್ಕೋರೆ," ಎಂದಳು ತೋಟದೊಡತಿ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ, ಕಾಲೇಜಾದರೂ ಅವಳಿಗೆ ಅದೇ. "ಮೇಲಿಂದ ಸಿಹಿನೀರ್ ಬೀಳ್ಬೇಕು. ಮಳೆಗಾಲ ಬಂದ್ರೆ ತನ್ನಷ್ಟಕ್ಕೇ ಸಮಾ ಆಗ್ತದೆ."

ಮಳೆಗೆ ಇನ್ನೂ ಐದು ತಿಂಗಳಿತ್ತು.

ಗೋಲ್‌ಕೀಪರ್ ಎದ್ದು ಹಿಂದಿನ ಗುಡ್ಡದ ಕಡೆ ನೋಡುತ್ತಿದ್ದ. "ಅಲ್ಲಿ ಮೇಲೆ ಒರತೆ ಅದೆಯಾ?" ಎಂದು ನಾಯಕನನ್ನು ಕೇಳಿದ. ಇದೆ, ದನ ಕುಡಿಯುತ್ತವೆ, ಯಾರೂ ಬಳಸುವುದಿಲ್ಲ ಎಂದ ನಾಯಕ. "ಹಂಗಾರೆ ಮಳೆಗೆ ಎಂತಕ್ಕೆ ಕಾಯೂದು? ನಮ್ಮಲ್ಲಿ ಮನೆಗೆ ಗುಡ್ಡದ ಮೇಲಿಂದ ಅಬ್ಬಿ ನೀರು ಬರೂದೇ ಹಂಗೆ. ಪೈಪ್ ಹಾಕದ್ರೆ ಪಂಪೂ ಬೇಡಾ, ಕರೆಂಟೂ ಬೇಡಾ."

ಗುಡ್ಡದಿಂದ ಒಂದೇ ದಿಕ್ಕಿಗೆ ಬರುವ ನೀರಿನ ವಿಷಯದಲ್ಲಿ ಅವನಿಗಿಂತ ಹೆಚ್ಚು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಕ್ರೀಡಾ ನಿರ್ದೇಶಕರು ಬೈಕ್ ಹತ್ತಿ ಹೊರಟು, ಅಂಕೋಲೆಯ ತಮ್ಮ ಭಾವನೆಂಟನ ಮನೆಯಿಂದ, ಗುರುತಿನವರಿಂದ, ಕೊನೆಗೆ ಕಾಲೇಜಿನ ಹೂದೋಟದಿಂದಲೂ ಕಪ್ಪು ಪೈಪಿನ ಸುರುಳಿಗಳನ್ನು ತಂದರು. ತಂಡದ ಉಳಿದ ಹುಡುಗರೂ ಕರೆಯದೇ ಬಂದರು. ಸಂಜೆಯೊಳಗೆ ಒರತೆಗೆ ಸಣ್ಣ ಕಟ್ಟೆ ಕಟ್ಟಿ, ಗೇರುಗಿಡಗಳ ನಡುವಿನಿಂದ ತೋಟದ ತನಕ ಪೈಪು ಎಳೆದರು. ನೀರು ಬರಲಿಲ್ಲ. ಗೋಲ್‌ಕೀಪರ್ ಪೈಪಿನ ಉದ್ದಕ್ಕೂ ಕಿವಿಯಿಟ್ಟು ನಡೆದ. ನೆಲ ಉಬ್ಬಿದ ಒಂದು ಕಡೆ ಕೂತು, ದಬ್ಬಣದಿಂದ ಒಂದು ತೂತು ಚುಚ್ಚಿದ. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಸುಂಯ್ ಎಂದು ಹೊರಬಂತು. ಅಲ್ಲಿಗೆ ಚಿಂದಿ ಸುತ್ತಿ ಎದ್ದು ನಿಲ್ಲುವಷ್ಟರಲ್ಲಿ ಕೆಳಗೆ ತೋಟದಲ್ಲಿ ಕೇಕೆ ಎದ್ದಿತು. ನಾನೂ ಕೂಗಿದೆ ಎಂದು ಆಮೇಲೆ ಹುಡುಗರು ಹೇಳಿದರು.

ಆಮೇಲೆ ಎಲ್ಲ ಸಲೀಸಾಯಿತು. ನಾಯಕ ಮಡಿಗಳ ಸುತ್ತ ಕಾಲುವೆ ತೋಡಿ, ತೊಳೆದ ನೀರು ಗಜನಿಗೆ ಇಳಿಯುವಂತೆ ಮಾಡಿದ. ಕಾವಲುಗಾರ ಪ್ರತಿ ಇಳಿತಕ್ಕೆ ಜಂತ್ರಡಿ ತೆಗೆದು, ಭರತಿಗೆ ಮುಂಚೆ ಹಲಗೆ ಹಾಕಿಸಿದ. ಹಾಕುತ್ತಿದ್ದವನು ಗೋಲ್‌ಕೀಪರೇ, ಹೊಳೆಯ ಬದಿಗೆ. ಮಡಿಯಿಂದ ಇಳಿಯುವ ನೀರಿನ ಲೆಕ್ಕ ಬುಧವಾರ ಹನ್ನೊಂದಕ್ಕೆ, ಶುಕ್ರವಾರ ಐದಕ್ಕೆ ಇಳಿಯಿತು. ನಾನು ಕಾಗದ ಹಿಡಿದು ಹಿಗ್ಗಿನಿಂದ ಹೋದರೆ ತೋಟದೊಡತಿ ಅದರ ಕಡೆ ತಿರುಗಿಯೂ ನೋಡಲಿಲ್ಲ.

"ನಿಮ್ ಗಾಜಿನ್ ನಳಿಗೆ ಎಂತಾ ಗೊತ್ತು? ಬೀಜಕ್ಕೆ ಗೊತ್ತು," ಎಂದಳು. ಬುಧವಾರವೇ ಅವಳು ಒಂದು ಮಡಿಗೆ ಹರಿವೆ ಬೀಜ ಎರಚಿದ್ದಳು.

ಶನಿವಾರ ಏನೂ ಇಲ್ಲ. ಭಾನುವಾರ ಬೆಳಿಗ್ಗೆ ನಾಯಕನ ಫೋನು ಬಂತು. "ಮೇಡಮ್, ಬಂದದೆ! ಕೆಂಪ್ ಕೆಂಪಗೆ ಬಂದದೆ!" ಕಾರವಾರದ ಮನೆಯಲ್ಲಿ ದೋಸೆ ಹೊಯ್ಯುತ್ತಿದ್ದವಳು ಸಟ್ಟುಗ ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತೆ. ನನ್ನ ಯಜಮಾನರು ಕೊಂಕಣಿಯಲ್ಲಿ, ಏನಾಯಿತು, ಯಾರಿಗೆ ಹೆರಿಗೆಯಾಯಿತು ಎಂದು ಕೇಳಿದರು.

ಸೋಮವಾರ ಹತ್ತೂವರೆಗೆ ತೋಟದೊಡತಿ ಪ್ರಿನ್ಸಿಪಾಲರ ಕೋಣೆಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಗೋಡೆಗೆ ಒತ್ತಿ ನಾಲ್ವರೂ ನಿಂತಿದ್ದರು. ಪ್ರಿನ್ಸಿಪಾಲರು ಕೆಲಸದ ವರದಿ, ನನ್ನ ಅಂಕಿಗಳು, ನಾಲ್ಕು ಬೇರೆ ಬೇರೆ ಹೇಳಿಕೆಗಳು ಎಲ್ಲ ಓದಿ, "ನಿಮಗೆ ತೃಪ್ತಿಯಾಗಿದೆಯಾ?" ಎಂದು ಕೇಳಿದರು.

ಅವಳು ಹುಡುಗರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಬದ್ನೆ ಇನ್ನೂ ನೆಡ್ಬೇಕು. ಅದ್ಕೆ ಇವ್ರು ಬರ್ಬೇಕು," ಎಂದಳು. "ಹಾಳ್ ಮಾಡದವ್ರು ಬೇಕಾದಷ್ಟು ಜನ ಇದ್ರು ಸಾಯ್ಬ್ರೆ. ಹಾಳ್ ಮಾಡಿ ಮತ್ತೆ ಸಮಾ ಮಾಡೂಕೆ ಬಂದವ್ರನ್ನ ನಾ ಈಗ್ಲೇ ನೋಡದ್ದು. ಇವ್ರ ಹೆಸ್ರಿಗೆ ಕೆಟ್ಟದ್ ಬರೀಬೇಡಿ."

ನಾನು ಅವಳ ಮಾತನ್ನು ಒಂದಕ್ಷರ ತಿದ್ದದೆ ವರದಿಯ ಕೊನೆಯ ಕಾಲಮ್ಮಿನಲ್ಲಿ ಬರೆದೆ. ಪ್ರಿನ್ಸಿಪಾಲರು ಓದಿ, ಸಹಿ ಹಾಕಿ, ಆಮೇಲೆ ಎದ್ದು ನಿಂತು ಅವಳಿಗೆ ಕೈ ಮುಗಿದರು. ಅವರ ಬಗ್ಗೆ ನನಗಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು. ಸುಳ್ಳು ಹೇಳಿಕೆಗೆ ಎಚ್ಚರಿಕೆಯ ಪತ್ರ ಮಾತ್ರ ಕಡತದಲ್ಲಿ ಉಳಿಯಿತು, ಅದು ಉಳಿಯಲೇಬೇಕೆಂದು ಹಟ ಹಿಡಿದವಳು ನಾನೇ.

ತಂಡ ಗುರುವಾರ ಕಾರವಾರದಲ್ಲಿ ಆಡಿತು. ಅಭ್ಯಾಸವಿಲ್ಲದೆ ಎರಡು ವಾರ ಕಳೆದವರು ಮೊದಲ ಸುತ್ತಿನಲ್ಲೇ ಮನೆಗೆ ಬರುತ್ತಾರೆ ಎಂದುಕೊಂಡಿದ್ದೆ. ಹನ್ನೊಂದು ದಿನ ಕೊಡ ಹೊತ್ತು, ಕೆಸರು ತುಳಿದ ಕಾಲುಗಳು ಬೇರೆಯದೇ ಲೆಕ್ಕ ಹೇಳಿದವು. ದ್ವಿತೀಯಾರ್ಧದಲ್ಲಿ ಎದುರಾಳಿಗಳು ಏದುಸಿರು ಬಿಡುವಾಗ ನಮ್ಮವರು ಓಡುತ್ತಲೇ ಇದ್ದರು. ಭಾನುವಾರ ಫೈನಲ್. ಅಕ್ಕಪಕ್ಕದವರ ಸೊಪ್ಪು ಹೊತ್ತು ಬಂದು ಸಂತೆ ಮುಗಿಸಿದ ತೋಟದೊಡತಿ ಖಾಲಿ ಬುಟ್ಟಿಯೊಂದಿಗೆ ಬಂದು ನನ್ನ ಪಕ್ಕ ಕೂತಳು. ನಾಯಕ ಹೊಡೆದ ಒಂದೇ ಗೋಲು. ಆಮೇಲಿನ ಇಪ್ಪತ್ತು ನಿಮಿಷ ಚೆಂಡು ನಮ್ಮ ಗೋಲಿನ ಎದುರಿಂದ ಕದಲಲಿಲ್ಲ. ಸುಂಕಸಾಳದ ಹುಡುಗ ಬಿದ್ದು, ಎದ್ದು, ಹಾರಿ, ಮುಷ್ಟಿಯಿಂದ ಗುದ್ದಿ ಒಂದನ್ನೂ ಒಳಗೆ ಬಿಡಲಿಲ್ಲ. ಸೀಟಿ ಊದಿದಾಗ ತೋಟದೊಡತಿ ಬುಟ್ಟಿ ಎಸೆದು ಎದ್ದಳು. ನಾನು ಚಪ್ಪಲಿ ಎಲ್ಲಿ ಬಿಟ್ಟೆ ಎಂಬುದೂ ತಿಳಿಯದೆ ಮೈದಾನದ ನಡುವೆ ಹೋಗಿದ್ದೆ.

ಪರೀಕ್ಷೆಗಳು ಮುಗಿದು, ಪ್ರಮಾಣಪತ್ರ ಕೊಡುವ ದಿನ ಗೋಲ್‌ಕೀಪರ್ ಲ್ಯಾಬಿನ ಬಾಗಿಲಿಗೆ ಬಂದ. ಕೈಯಲ್ಲಿ ನಡತೆ ಪ್ರಮಾಣಪತ್ರ. 'ಉತ್ತಮ' ಎಂದು ಬರೆದಿತ್ತು. ಮರುವಾರ ಅವನ ದಾಖಲೆ ಪರಿಶೀಲನೆ. ಧನ್ಯವಾದ ಹೇಳಲು ಬಂದಿರಬೇಕೆಂದು ಒಳಗೆ ಕರೆದೆ. ಅವನು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ನಿಂತ.

"ಮೇಡಮ್, ಇದ್ರಲ್ಲಿ ಗಜನಿ ವಿಷ್ಯ ಎಲ್ಲೂ ಬರೀಲಾ."

"ಬರೆಯಬಾರದು ಅಂತಲೇ ಅಲ್ಲವೇನೋ ಇಷ್ಟೆಲ್ಲ ಮಾಡಿದ್ದು?"

"ಆಗ ಹೆದರಿಕೆ ಇತ್ತು," ಎಂದ. "ಈಗ ಬರೀರಿ. ನಾ ಉಪ್ಪನೀರ್ ಬಿಟ್ಟದ್ದೂ ಬರೀರಿ, ಅಬ್ಬಿ ನೀರ್ ತಂದದ್ದೂ ಬರೀರಿ. ನನ್ನತ್ರ ತೋರ್ಸೂಕೆ ಇರೂದು ಅದೊಂದೇ."

ಅಚ್ಚಾದ ಆ ನಮೂನೆಯಲ್ಲಿ ಅಷ್ಟಕ್ಕೆಲ್ಲ ಜಾಗವಿರಲಿಲ್ಲ. ಕಾಲೇಜಿನ ಹೆಸರಿರುವ ಒಂದು ಹಾಳೆ ತೆಗೆದುಕೊಂಡು, ಮೊದಲ ಸಾಲಿನಿಂದ ಬರೆಯತೊಡಗಿದೆ.